ಯುದ್ಧಕಾಲದ ಫೋಟೋ: ಇತಿಹಾಸದ ಸಾಕ್ಷಿಯಾಗಿ ಓದುವ ಬಗೆ

ಯುದ್ಧಕಾಲದ ಫೋಟೋ ಒಂದು ಕೈಗೆ ಬಂದಾಗ ಅದರ ಜೊತೆ ಎರಡು ಸಾಕ್ಷ್ಯಗಳು ಬಂದಿರುತ್ತವೆ. ಒಂದು, ಕ್ಯಾಮೆರಾದ ಮುಂದೆ ಆ ಗಳಿಗೆಯಲ್ಲಿ ಇದ್ದದ್ದು. ಇನ್ನೊಂದು, ಚಿತ್ರದ ಕೆಳಗೋ ಹಿಂಬದಿಗೋ ಯಾರೋ ಬರೆದ ಅಡಿಬರಹ. ಇವೆರಡೂ ಹುಟ್ಟಿದ ಕಾಲ ಬೇರೆ, ಹುಟ್ಟಿಸಿದವರೂ ಬೇರೆ. ಫೋಟೋ ತಪ್ಪು ದಾರಿಗೆ ಎಳೆಯುವುದು ಬಹುಪಾಲು ಅಡಿಬರಹದ ಮೂಲಕ. ಆದ್ದರಿಂದ ಮೊದಲ ಕೆಲಸ, ಬರಹವನ್ನು ಕೈಯಿಂದ ಮುಚ್ಚಿ ಚಿತ್ರವನ್ನಷ್ಟೇ ನೋಡುವುದು. ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು. ಆಮೇಲೆ ಅಡಿಬರಹವನ್ನು ಬೇರೆಯೇ ಒಂದು ಹೇಳಿಕೆಯಾಗಿ ಪರೀಕ್ಷಿಸುವುದು.

ಕೃಷ್ಣಾ ನದಿಯ ಅಣೆಕಟ್ಟಿರುವ ನಮ್ಮ ಆಲಮಟ್ಟಿಯಲ್ಲೇ ಇದಕ್ಕೊಂದು ಉದಾಹರಣೆ ಇದೆ. ಅಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಅಡಿಗಲ್ಲು ಹಾಕಿದವರು ಲಾಲ್ ಬಹದ್ದೂರ್ ಶಾಸ್ತ್ರಿ. ಜಲಾಶಯಕ್ಕೆ ಅವರದೇ ಹೆಸರು. ಆ ಸಮಾರಂಭವನ್ನು ನೆನೆಯುವಾಗ ‘ಪ್ರಧಾನಿ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಆದರೆ ಆ ದಿನ ನೆಹರೂ ಇನ್ನೂ ಬದುಕಿದ್ದರು. ಅವರು ತೀರಿಕೊಂಡದ್ದು ಮೇ 27ರಂದು, ಶಾಸ್ತ್ರಿ ಪ್ರಧಾನಿಯಾದದ್ದು ಜೂನ್ 9ರಂದು. ಮೇ 22ರಂದು ಶಾಸ್ತ್ರಿಯವರು ಕೇಂದ್ರದಲ್ಲಿ ಖಾತೆಯಿಲ್ಲದ ಸಚಿವರು. ಸಮಾರಂಭದ ಫೋಟೋಗೆ ‘ಪ್ರಧಾನಿ’ ಎಂಬ ಪದವಿರುವ ಅಡಿಬರಹ ಕಂಡರೆ ಫೋಟೋವನ್ನು ಸುಳ್ಳೆನ್ನಬೇಕಾಗಿಲ್ಲ. ಬರಹ ಜೂನ್ 9ರ ನಂತರದ್ದು ಎಂದು ಖಚಿತವಾಗಿ ಹೇಳಬಹುದು. ತಪ್ಪು ಅಡಿಬರಹ ಕೂಡ ತನ್ನ ಕಾಲವನ್ನು ತಾನೇ ಹೇಳಿಕೊಡುತ್ತದೆ.

ಮುಂದಿನ ವರ್ಷವೇ ಪಾಕಿಸ್ತಾನದೊಡನೆ ಯುದ್ಧವಾಯಿತು. ಸೆರೆಸಿಕ್ಕ ಪ್ಯಾಟನ್ ಟ್ಯಾಂಕಿನ ಮೇಲೆ ಶಾಸ್ತ್ರಿಯವರು ನಿಂತಿರುವ ಚಿತ್ರ ಆ ಯುದ್ಧದ ಗುರುತಾಗಿ ಉಳಿದಿದೆ. ಆ ಚಿತ್ರದಿಂದ ಸಾಬೀತಾಗುವುದು ಇಷ್ಟು: ಆ ಬಗೆಯ ಟ್ಯಾಂಕ್ ಒಂದು ಭಾರತದ ವಶವಾಗಿತ್ತು, ಪ್ರಧಾನಿ ಅದನ್ನು ನೋಡಲು ಹೋಗಿದ್ದರು. ಟ್ಯಾಂಕ್ ಎಲ್ಲಿ ಸಿಕ್ಕಿತು, ಯಾವ ರೆಜಿಮೆಂಟ್ ಹಿಡಿಯಿತು, ಅದೇ ಯುದ್ಧದ ಅಸಲ್ ಉತ್ತರ್ ಕದನದಲ್ಲಿ ಎಷ್ಟು ಟ್ಯಾಂಕ್ ನಾಶವಾದವು ಎಂಬುದಕ್ಕೆ ಈ ಚಿತ್ರ ಉತ್ತರ ಕೊಡಲಾರದು. ಅದಕ್ಕೆ ರೆಜಿಮೆಂಟಿನ ದಿನಚರಿ ಬೇಕು. ಸಣ್ಣ ಸಂಗತಿಗೆ ಫೋಟೋ ಗಟ್ಟಿ ಸಾಕ್ಷಿ. ಪ್ರಶ್ನೆ ದೊಡ್ಡದಾದಷ್ಟೂ ಅದರ ಬಲ ಇಳಿಯುತ್ತದೆ.

ಅಡಿಬರಹದ ವಯಸ್ಸು

ಅಡಿಬರಹದ ಕಾಲ ತಿಳಿಯಲು ಊರು, ಜಿಲ್ಲೆ, ರಾಜ್ಯಗಳ ಹೆಸರು ಒಳ್ಳೆಯ ದಾರಿ. ಆಲಮಟ್ಟಿಯ ಸುತ್ತಿನ ನೆಲ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿತ್ತು, ಬಳಿಕ ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ‘1965ರ ಯುದ್ಧದಲ್ಲಿ ಹೋರಾಡಿದ ಕರ್ನಾಟಕ ರಾಜ್ಯದ ಬಾಗಲಕೋಟೆ ಜಿಲ್ಲೆಯ ಯೋಧರು’ ಎಂಬ ಸಾಲು ಚಿತ್ರದ ಹಿಂದೆ ಇದ್ದರೆ ಅದು ಯುದ್ಧ ಮುಗಿದು ಮೂರು ದಶಕಗಳಾದ ಮೇಲೆ ಬರೆದದ್ದು. ಬರೆದವರಿಗೆ ಆ ಮಾಹಿತಿ ಯಾರಿಂದ ಬಂತು ಎಂಬುದು ಆಗ ಮುಂದಿನ ಪ್ರಶ್ನೆ. 2014ರಲ್ಲಿ ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಆದರೆ ಕನ್ನಡ ಬರಹಗಳಲ್ಲಿ ವಿಜಾಪುರ, ವಿಜಯಪುರ ಎಂಬ ರೂಪಗಳು ಮೊದಲೂ ಬಳಕೆಯಲ್ಲಿದ್ದವು. ಆ ಒಂದು ಪದವನ್ನೇ ನಂಬಿ ಕಾಲ ಕಟ್ಟಬಾರದು.

ಸೈನ್ಯದ ಪದಗಳೂ ಹೀಗೆಯೇ ನೆರವಿಗೆ ಬರುತ್ತವೆ. 1965ರವರೆಗೆ ಜಮಾದಾರ್ ಎಂದಿದ್ದ ಹುದ್ದೆ ಆಮೇಲೆ ನಾಯಬ್ ಸುಬೇದಾರ್ ಆಯಿತು. ಎರಡನೇ ಮಹಾಯುದ್ಧದ ಚಿತ್ರವೆಂದು ಹೇಳುವ ಬರಹದಲ್ಲಿ ‘ನಾಯಬ್ ಸುಬೇದಾರ್’ ಎಂದಿದ್ದರೆ ಚಿತ್ರ ಹಳೆಯದಿರಬಹುದು, ಬರಹ ಮಾತ್ರ ಹಳೆಯದಲ್ಲ.

ಇದಕ್ಕಿಂತ ಸರಳವಾದ ಪರೀಕ್ಷೆ, ಆ ಕಾಲದಲ್ಲಿ ಫೋಟೋ ಎಂಬುದೇ ಇತ್ತೇ ಎಂದು ಕೇಳುವುದು. ಫೋಟೋ ತೆಗೆಯುವ ಡಾಗೇರ್ ವಿಧಾನವನ್ನು ಪ್ಯಾರಿಸ್ಸಿನಲ್ಲಿ ಜಗತ್ತಿಗೆ ತಿಳಿಸಿದ್ದು 1839ರಲ್ಲಿ. ಕಿತ್ತೂರಿನ ಯುದ್ಧ ನಡೆದದ್ದು 1824ರಲ್ಲಿ. ಚನ್ನಮ್ಮ ತೀರಿಕೊಂಡದ್ದು 1829ರಲ್ಲಿ, ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಇವರಿಬ್ಬರ ‘ಅಸಲಿ ಫೋಟೋ’ ಎಂದು ಮೊಬೈಲಿನಲ್ಲಿ ಓಡಾಡುವ ಯಾವುದೂ ಅಸಲಿ ಆಗಲು ಸಾಧ್ಯವೇ ಇಲ್ಲ. ಇಲ್ಲಿ ತಜ್ಞರ ಮೊರೆ ಹೋಗುವ ಅಗತ್ಯವೂ ಇಲ್ಲ.

ಪೊಲೀಸ್ ಕಾರ್ಯಾಚರಣೆಯ ಚಿತ್ರಗಳು

ಈ ಸೀಮೆಯ ಅಂಗಳಕ್ಕೇ ಬಂದ ಯುದ್ಧವೆಂದರೆ 1948ರದು, ನಿಜಾಮನ ಹೈದರಾಬಾದಿನ ಮೇಲೆ ಭಾರತ ನಡೆಸಿದ ‘ಪೊಲೀಸ್ ಕಾರ್ಯಾಚರಣೆ’. ಮುದ್ದೇಬಿಹಾಳದ ಆಚೆ ಸುರಪುರ, ಲಿಂಗಸುಗೂರು. ಸಿಂದಗಿ, ಇಂಡಿಗಳ ಆಚೆ ಅಫಜಲಪುರ, ಜೇವರ್ಗಿ. ಆ ಕಡೆಯದು ನಿಜಾಮನ ಸೀಮೆ, ಈ ಕಡೆಯದು ಮುಂಬಯಿ ಪ್ರಾಂತ. ನಿಜಾಮನ ಪರವಾಗಿದ್ದ ರಜಾಕಾರರ ಹಾವಳಿಯ ದಿನಗಳ ಕಥೆ ಗಡಿಯ ಹಳ್ಳಿಗಳ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಹೈದರಾಬಾದ್ ವಿಮೋಚನೆಯ ಮುಂಚೂಣಿ ನಾಯಕ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ಸಿಂದಗಿಯಲ್ಲಿ, 1903ರ ಅಕ್ಟೋಬರ್ 3ರಂದು. ಭಾರತದ ಸೈನ್ಯ 1948ರ ಸೆಪ್ಟೆಂಬರ್ 13ರ ನಸುಕಿನಲ್ಲಿ ಗಡಿ ದಾಟಿತು. ಮುಖ್ಯ ದಳ ಸೊಲ್ಲಾಪುರದಿಂದ ನಳದುರ್ಗದತ್ತ ನಡೆಯಿತು. ದಕ್ಷಿಣದಲ್ಲಿ ಹೊಸಪೇಟೆಯ ಕಡೆ ಮೈಸೂರಿನ ಪಡೆಯೂ ಕಾರ್ಯಾಚರಣೆಯಲ್ಲಿತ್ತು. 17ರಂದು ನಿಜಾಮ ಕದನವಿರಾಮ ಸಾರಿದ. ಮರುದಿನ ಸಿಕಂದರಾಬಾದಿನಲ್ಲಿ ಹೈದರಾಬಾದ್ ಸೇನೆಯ ಮುಖ್ಯಸ್ಥ ಮೇಜರ್ ಜನರಲ್ ಎಲ್ ಎದ್ರೂಸ್ ಭಾರತದ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಮುಂದೆ ಶರಣಾದರು.

ಪ್ರತಿ ವರ್ಷ ಸೆಪ್ಟೆಂಬರ್ 17 ಬಂದಾಗ ಒಂದು ಫೋಟೋ ಎಲ್ಲೆಡೆ ಕಾಣಿಸಿಕೊಳ್ಳುತ್ತದೆ: ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕೈಮುಗಿದು ಸರ್ದಾರ್ ಪಟೇಲರನ್ನು ಎದುರುಗೊಳ್ಳುವ ಚಿತ್ರ. ಅಡಿಬರಹ ಬಹುತೇಕ ಒಂದೇ, ‘ಪಟೇಲರ ಮುಂದೆ ನಿಜಾಮನ ಶರಣಾಗತಿ’. ಚಿತ್ರ ಅಸಲಿ, ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ತೆಗೆದದ್ದು. ಆದರೆ ಪಟೇಲರು ಹೈದರಾಬಾದಿಗೆ ಹೀಗೆ ಬಂದದ್ದು 1949ರ ಫೆಬ್ರುವರಿಯಲ್ಲಿ, ಶರಣಾಗತಿಯಾಗಿ ಐದು ತಿಂಗಳಾದ ಮೇಲೆ. ಚಿತ್ರ ತೋರಿಸುವುದು ಉಪಪ್ರಧಾನಿಯ ಭೇಟಿಯನ್ನು. ಕೈಮುಗಿಯುವುದು ಸ್ವಾಗತದ ಭಂಗಿಯೂ ಹೌದು, ಸೋಲೊಪ್ಪಿದ ಭಂಗಿಯಂತೆಯೂ ಕಾಣಬಹುದು. ಯಾವುದೆಂದು ನಿರ್ಧರಿಸಲು ದಿನಾಂಕ ಬೇಕೇ ಬೇಕು. ಸೈನಿಕ ಶರಣಾಗತಿಯ ಚಿತ್ರ ಬೇಕಿದ್ದವರು ಎದ್ರೂಸ್–ಚೌಧುರಿ ಭೇಟಿಯ ಚಿತ್ರವನ್ನು ಹಾಕಬೇಕು.

ಇಷ್ಟಾಗಿ, ಪಟೇಲ್–ನಿಜಾಮ ಚಿತ್ರವನ್ನು ಬಿಸಾಡುವ ಹಾಗಿಲ್ಲ. ಸೋತ ಅರಸನನ್ನು ಗದ್ದುಗೆಯಿಂದ ಇಳಿಸದೆ ಇಟ್ಟುಕೊಂಡು, ದೆಹಲಿಯ ಹಿರಿಯ ಸಚಿವನನ್ನು ಅವನ ಕೈಯಿಂದಲೇ ಬರಮಾಡಿಸಿಕೊಂಡ ರಾಜಕೀಯಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. 1950ರ ಜನವರಿ 26ರಂದು ಅದೇ ನಿಜಾಮ ಹೈದರಾಬಾದ್ ರಾಜ್ಯದ ರಾಜಪ್ರಮುಖನಾದ. ಸರಿಯಾದ ದಿನಾಂಕದೊಡನೆ ಓದಿದಾಗ ಚಿತ್ರದ ಬೆಲೆ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

ಇದೇ ಕಾಲದ ಚಿತ್ರಗಳಿಗೆ ಇನ್ನೊಂದು ಪರೀಕ್ಷೆಯನ್ನು ಅನ್ವಯಿಸಬಹುದು: ಚಿತ್ರದಲ್ಲಿರುವ ವ್ಯಕ್ತಿ ಆ ದಿನ ಅಲ್ಲಿರಲು ಸಾಧ್ಯವಿತ್ತೇ? ರಮಾನಂದ ತೀರ್ಥರು 1948ರ ಜನವರಿಯ ಕೊನೆಯಲ್ಲಿ ಬಂಧನಕ್ಕೊಳಗಾಗಿ, ಹೊರಬಂದದ್ದು ಸೆಪ್ಟೆಂಬರ್ 17ರಂದು. ಆ ವರ್ಷದ ಬೇಸಿಗೆಯ ಸಭೆಯೊಂದರಲ್ಲಿ ಅವರು ಮಾತನಾಡುತ್ತಿದ್ದಾರೆ ಎನ್ನುವ ಅಡಿಬರಹ ನಿಲ್ಲುವುದಿಲ್ಲ. ನಾಯಕರ ಜೈಲುವಾಸದ ದಿನಾಂಕಗಳು ಪುಸ್ತಕಗಳಲ್ಲಿ ಸುಲಭವಾಗಿ ಸಿಗುತ್ತವೆ. ಸ್ವಾತಂತ್ರ್ಯ ಹೋರಾಟದ ಯಾವುದೇ ಫೋಟೋ ಹಿಡಿದವರು ಅವನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು.

ಫೋಟೋ ಇಲ್ಲದ ಸಂಗತಿಗಳ ಕಡೆಗೂ ಗಮನ ಬೇಕು. 1948ರ ಚಿತ್ರಗಳಲ್ಲಿ ಹೆಚ್ಚಿನವು ಸರ್ಕಾರ, ಸೈನ್ಯ, ಪತ್ರಿಕೆಗಳು ತೆಗೆಸಿದವು. ಅವುಗಳಲ್ಲಿ ಟ್ಯಾಂಕು, ಸೇನಾಧಿಕಾರಿ, ಬಾವುಟಗಳಿವೆ. ಅದೇ ವರ್ಷದ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ನಡೆಯುವಾಗ ಅಲ್ಲಿ ಪತ್ರಿಕೆಯ ಕ್ಯಾಮೆರಾ ನಿಂತಿರಲಿಲ್ಲ. ಕಾರ್ಯಾಚರಣೆಯ ಬೆನ್ನಿಗೇ ಕಲಬುರಗಿ, ಬೀದರ್, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸೆಯೂ ಅಧಿಕೃತ ಚಿತ್ರಗಳಲ್ಲಿ ಕಾಣದು. ಅದನ್ನು ವಿಚಾರಿಸಲು ಕೇಂದ್ರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಸತ್ತವರನ್ನು 27 ಸಾವಿರದಿಂದ 40 ಸಾವಿರದವರೆಗೆ ಅಂದಾಜಿಸಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಚಿತ್ರವಿಲ್ಲವೆಂದು ಸಂಗತಿಯೇ ಇಲ್ಲವೆನ್ನಲಾಗದು. ಚಿತ್ರವಿಲ್ಲದ ಕೊರತೆಯನ್ನು ತುಂಬಲು ಬೇರೆಲ್ಲೋ ತೆಗೆದ ಹೆಣಗಳ ಚಿತ್ರವನ್ನು ಗೋರ್ಟಾದ್ದೆಂದೋ ಕಲಬುರಗಿಯದೆಂದೋ ಹಂಚುವುದು ಎರಡೂ ಕಡೆಯ ಸತ್ತವರಿಗೆ ಮಾಡುವ ಅನ್ಯಾಯ. ಅಂಥ ಕಡೆ ಸಾಕ್ಷಿಯಾಗಬೇಕಾದವು ವರದಿ, ಊರಿನ ಹೇಳಿಕೆಗಳು ಮತ್ತು ದಾಖಲೆಗಳು.

ಹೂಡಿದ ಚಿತ್ರ, ತಿದ್ದಿದ ಚಿತ್ರ

ಯುದ್ಧದ ಫೋಟೋಗಳಲ್ಲಿ ಜೋಡಿಸಿ ತೆಗೆದವು ಮೊದಲಿನಿಂದಲೂ ಇವೆ. 1850ರ ದಶಕದ ಕ್ಯಾಮೆರಾಕ್ಕೆ ಒಂದು ಚಿತ್ರಕ್ಕೆ ಹಲವು ಸೆಕೆಂಡುಗಳ ಬೆಳಕು ಬೇಕಿತ್ತು. ಓಡುವ ಕುದುರೆ, ಹಾರುವ ಗುಂಡು ಅದಕ್ಕೆ ಸಿಗುತ್ತಿರಲಿಲ್ಲ. ಹೀಗಾಗಿ ಕದನ ಮುಗಿದ ಮೇಲಿನ ನೆಲವೇ ವಿಷಯವಾಯಿತು. ಲಖನೌದ ಸಿಕಂದರ್ ಬಾಗ್‌ನಲ್ಲಿ ಕಾಳಗ ನಡೆದದ್ದು 1857ರ ನವೆಂಬರಿನಲ್ಲಿ. ಫೆಲಿಚೆ ಬಿಯಾಟೊ ಅದರ ಅಂಗಳವನ್ನು ಚಿತ್ರಿಸಿದ್ದು 1858ರಲ್ಲಿ, ತಿಂಗಳುಗಳ ನಂತರ. ಮುಂಭಾಗದಲ್ಲಿ ಹರಡಿರುವ ಅಸ್ಥಿಗಳನ್ನು ಚಿತ್ರಕ್ಕಾಗಿಯೇ ಹೊರತೆಗೆದದ್ದೆಂದು ಆ ಕಾಲದವರೇ ಬರೆದಿಟ್ಟಿದ್ದಾರೆ. ಕಟ್ಟಡಕ್ಕೆ ಬಿದ್ದ ಪೆಟ್ಟಿಗೆ ಅದು ಸಾಕ್ಷಿ. ಹೆಣಗಳು ಬಿದ್ದಿದ್ದ ರೀತಿಗೆ ಸಾಕ್ಷಿಯಲ್ಲ.

ರೋಜರ್ ಫೆಂಟನ್ 1855ರಲ್ಲಿ ಕ್ರೈಮಿಯಾದ ಕಣಿವೆಯೊಂದರಲ್ಲಿ ತೆಗೆದ ಎರಡು ಚಿತ್ರಗಳು ಓದುವ ವಿಧಾನಕ್ಕೆ ಒಳ್ಳೆಯ ಪಾಠ. ಒಂದರಲ್ಲಿ ಫಿರಂಗಿ ಗುಂಡುಗಳು ರಸ್ತೆಯ ಮೇಲಿವೆ, ಇನ್ನೊಂದರಲ್ಲಿ ಬದಿಯ ತಗ್ಗಿನಲ್ಲಿವೆ. ಯಾವುದು ಮೊದಲು? ಗುಂಡುಗಳನ್ನೇ ನೋಡುತ್ತ ಕೂತವರಿಗೆ ಉತ್ತರ ಸಿಗಲಿಲ್ಲ. ಇಳಿಜಾರಿನ ಸಣ್ಣ ಕಲ್ಲುಗಳು ಎರಡು ಚಿತ್ರಗಳ ನಡುವೆ ಕೆಳಗೆ ಜರುಗಿದ್ದನ್ನು ಗುರುತಿಸಿದಾಗ ರಸ್ತೆ ಖಾಲಿಯಿದ್ದ ಚಿತ್ರವೇ ಮೊದಲಿನದೆಂದು ಗೊತ್ತಾಯಿತು. ಫೋಟೋ ತೆಗೆದವನ ಗಮನ ಹೋಗದ ಮೂಲೆಯೇ ಹೆಚ್ಚು ನಿಜ ಹೇಳುತ್ತದೆ. 1945ರಲ್ಲಿ ಬರ್ಲಿನ್ನಿನ ಸಂಸತ್ ಭವನದ ಮೇಲೆ ಸೋವಿಯತ್ ಬಾವುಟ ಹಾರಿಸುವ ಖಾಲ್ದೇಯಿಯ ಚಿತ್ರದಲ್ಲಿ ಸೈನಿಕನೊಬ್ಬನ ಕೈಯ ಗಡಿಯಾರವನ್ನು ಅಳಿಸಿದ್ದರು, ಹೊಗೆಯನ್ನು ಸೇರಿಸಿದ್ದರು. ಎರಡೂ ಕೈಗೆ ಗಡಿಯಾರವಿದ್ದರೆ ಲೂಟಿಯ ಗುಮಾನಿ ಬರುತ್ತದಲ್ಲ! ಇವೊ ಜಿಮಾ ದ್ವೀಪದಲ್ಲಿ ಅಮೆರಿಕದ ಸೈನಿಕರು ಬಾವುಟ ನೆಡುವ ಚಿತ್ರ ಹೂಡಿದ್ದಲ್ಲ, ಆದರೂ ಅದರಲ್ಲಿರುವ ಆರು ಜನರಲ್ಲಿ ಕೆಲವರ ಗುರುತು ತಪ್ಪಾಗಿತ್ತು. ಅಮೆರಿಕದ ಮೆರೀನ್ ಪಡೆ 2016ರಲ್ಲಿ ಮತ್ತು 2019ರಲ್ಲಿ ಅದನ್ನು ತಿದ್ದಿತು. ಎರಡನೆಯ ತಿದ್ದುಪಡಿಗೆ ನೆರವಾದದ್ದು ಬೆರಳಿನ ಮದುವೆಯುಂಗುರ.

ಮೈಸೂರಿನ ಕುದುರೆ ಪಡೆಯ ವಿಷಯದಲ್ಲಿ ಗುರುತಿನ ತೊಡಕು ಬೇರೆ ಬಗೆಯದು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ದಳದಲ್ಲಿ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್‌ಗಳು ಒಟ್ಟಿಗೆ ಇದ್ದರು. ಈಟಿ ಹಿಡಿದ ಸವಾರರು ಹೈಫಾದ ಬೀದಿಯಲ್ಲಿ ಸಾಗುವ ಚಿತ್ರ ಕನ್ನಡದಲ್ಲಿ ‘ಮೈಸೂರು ಲ್ಯಾನ್ಸರ್‌’ ಎಂದೂ, ರಾಜಸ್ಥಾನದಲ್ಲಿ ‘ಜೋಧಪುರ ಲ್ಯಾನ್ಸರ್‌’ ಎಂದೂ ಅಚ್ಚಾಗುತ್ತದೆ. ಪೇಟದ ಕಟ್ಟು, ಭುಜದ ಬಿಲ್ಲೆ ಸ್ಪಷ್ಟವಾಗಿ ಕಾಣದ ಪ್ರತಿಯಲ್ಲಿ ಹೇಳಬಹುದಾದದ್ದು ‘ಭಾರತೀಯ ಅಶ್ವದಳ’ ಎಂದಷ್ಟೇ. ಮೈಸೂರಿನ ಪಡೆ ಅಂದು ಹೋರಾಡಿದ್ದಕ್ಕೆ ಬೇರೆ ಗಟ್ಟಿ ದಾಖಲೆಗಳಿವೆ. ಮಸುಕಾದ ಚಿತ್ರಕ್ಕೆ ಆ ಭಾರ ಹೊರಿಸಬೇಕಾಗಿಲ್ಲ.

ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದ ಕೂತ್ ಮುತ್ತಿಗೆಯಿಂದ ಹೊರಬಂದ, ಎಲುಬಿನ ಹಂದರವಾಗಿದ್ದ ಭಾರತೀಯ ಸಿಪಾಯಿಯ ಚಿತ್ರವೂ ಹಾಗೆಯೇ. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ನಡೆದ ಆ ಮುತ್ತಿಗೆಯಲ್ಲಿ 103, 110 ಮತ್ತು 117ನೇ ಮರಾಠಾ ಪಲ್ಟನ್ನುಗಳಿದ್ದವು. ಆದರೆ ಚಿತ್ರದಲ್ಲಿರುವವನು ಆ ಪಲ್ಟನ್ನುಗಳಲ್ಲಿ ಒಂದರವನೇ ಎನ್ನಲು ಚಿತ್ರದಲ್ಲಿ ಯಾವ ಕುರುಹೂ ಇಲ್ಲ. ಬ್ರಿಟಿಷ್ ವರದಿಗಳು ಹಸಿವಿಗೆ ಸಿಪಾಯಿಗಳು ಕುದುರೆ ಮಾಂಸ ಒಲ್ಲೆನೆಂದದ್ದೇ ಕಾರಣವೆಂದು ಒತ್ತಿ ಹೇಳಿದವು. ಚಿತ್ರ ಹಸಿವನ್ನು ತೋರಿಸುತ್ತದೆ; ಪಡೆಯನ್ನು ಅಷ್ಟು ದೂರ ಕಳಿಸಿ ಆಹಾರ ತಲುಪಿಸಲಾಗದೆ ಹೋದ ಸೇನಾಧಿಕಾರಿಗಳ ಹೊಣೆಯನ್ನು ತೋರಿಸಲಾರದು.

ಮನೆಯ ಟ್ರಂಕಿನಲ್ಲಿರುವ ಫೋಟೋ

ಓದುಗರ ಕೈಗೆ ನಿಜವಾಗಿ ಸಿಗುವುದು ಇಂಥ ಹೆಸರುವಾಸಿ ಚಿತ್ರಗಳಿಗಿಂತ ಮನೆಯ ಫೋಟೋಗಳು: ಬೆಳಗಾವಿಯ ಮರಾಠಾ ಲಘು ಪದಾತಿ ದಳದಲ್ಲಿಯೋ ಬೇರೆ ಪಲ್ಟನ್ನಿನಲ್ಲಿಯೋ ಇದ್ದ ಅಜ್ಜನ ಒಂದು ಸ್ಟುಡಿಯೋ ಚಿತ್ರ, ನಾಲ್ಕೈದು ಸಿಪಾಯಿಗಳು ಕೂಡಿ ನಿಂತ ಒಂದು ಗುಂಪು ಚಿತ್ರ. ಆಲಮಟ್ಟಿಯ ಹಿನ್ನೀರಿನಿಂದ ಎದ್ದು ಪುನರ್ವಸತಿ ಕೇಂದ್ರಗಳಿಗೆ ಬಂದ ಮನೆಗಳಲ್ಲಿ ಇವುಗಳ ಬೆಲೆ ಇನ್ನೂ ಹೆಚ್ಚು. ಹಿನ್ನೆಲೆಯಲ್ಲಿ ಕಾಣುವ ಓಣಿ, ಗುಡಿ, ಬಾವಿಕಟ್ಟೆ ಈಗ ನೀರಿನ ಕೆಳಗಿವೆ. ಸ್ಥಳವನ್ನು ಹೋಗಿ ಹೋಲಿಸಿ ನೋಡುವ ದಾರಿ ಮುಚ್ಚಿಹೋಗಿರುವುದರಿಂದ, ಆ ಊರನ್ನು ಕಂಡ ಹಿರಿಯರು ಇರುವಾಗಲೇ ಚಿತ್ರವನ್ನು ಅವರ ಮುಂದಿಟ್ಟು ಕೇಳಬೇಕು. ಕೇಳುವಾಗ ‘ಇದು ನಮ್ಮ ಹಳೇ ಊರಿನ ಅಗಸಿಯಲ್ಲವೇ?’ ಎಂದು ಉತ್ತರವನ್ನು ಬಾಯಿಗೆ ಇಡದೆ, ‘ಇದು ಯಾವ ಜಾಗ?’ ಎಂದಷ್ಟೇ ಕೇಳುವುದು ಲೇಸು. ಇಬ್ಬರನ್ನು ಬೇರೆಬೇರೆಯಾಗಿ ಕೇಳಿದರೆ ಇನ್ನೂ ಒಳ್ಳೆಯದು.

ಮೊದಲು ಪ್ರತಿಯ ಹಿಂಬದಿ ನೋಡಬೇಕು. ಸ್ಟುಡಿಯೋದ ಮುದ್ರೆ, ಊರು, ಕಾಗದದ ಕಂಪನಿ, ಕಾರ್ಡಿನಂತೆ ವಿಳಾಸಕ್ಕೆ ಬಿಟ್ಟ ಗೆರೆ ಅಲ್ಲಿರುತ್ತವೆ. ಭೂತಗನ್ನಡಿಯಲ್ಲಿ ಚುಕ್ಕಿಚುಕ್ಕಿಯಾಗಿ ಕಂಡರೆ ಅದು ಪತ್ರಿಕೆಯಿಂದಲೋ ಪುಸ್ತಕದಿಂದಲೋ ಕತ್ತರಿಸಿದ್ದು, ಮೂಲ ಪ್ರತಿಯಲ್ಲ. ಹಿಂದೆ ಮುಂದೆ ಪ್ಲಾಸ್ಟಿಕ್ ಪದರವಿರುವ ನುಣುಪು ಕಾಗದ ಬಳಕೆಗೆ ಬಂದದ್ದು 1970ರ ಸುಮಾರಿಗೆ. ಅಂಥ ಕಾಗದದಲ್ಲಿ 1944ರ ಚಿತ್ರ ಇದ್ದರೆ ಅದು ಮರುಮುದ್ರಣ, ಅಂಚುಗಳನ್ನು ಕತ್ತರಿಸಿರುವ ಸಾಧ್ಯತೆಯೂ ಇದೆ.

ಆಮೇಲೆ ಸಮವಸ್ತ್ರ. ಸ್ಟುಡಿಯೋದಲ್ಲಿ ಬಂದೂಕು ಹಿಡಿದು ನಿಂತ ಚಿತ್ರದಿಂದ ಆ ಮನುಷ್ಯ ಸೈನ್ಯದಲ್ಲಿದ್ದ ಎಂದು ತಿಳಿಯಬಹುದು. ರಣರಂಗ ಕಂಡಿದ್ದ ಎಂಬುದು ತಿಳಿಯದು. ಅದನ್ನು ಎದೆಯ ಮೇಲಿನ ಪದಕದ ಪಟ್ಟಿಗಳು ಹೇಳುತ್ತವೆ. ಎರಡನೇ ಮಹಾಯುದ್ಧದ ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್ ಆಯಾ ರಣರಂಗದಲ್ಲಿ ಸೇವೆ ಸಲ್ಲಿಸಿದವರಿಗೆ ಸಿಕ್ಕವು. 1965ರ ಯುದ್ಧಕ್ಕೆ ಸಮರ ಸೇವಾ ಸ್ಟಾರ್ ಕಾರ್ಯಾಚರಣೆಯ ಪ್ರದೇಶದಲ್ಲಿದ್ದವರಿಗೆ, ರಕ್ಷಾ ಪದಕ ಇನ್ನೂ ವಿಶಾಲ ಗುಂಪಿಗೆ. 1971ಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಬೇರೆ, ಸಂಗ್ರಾಮ ಪದಕ ಬೇರೆ. ಹೆಗಲ ಬಿಲ್ಲೆಯಲ್ಲಿ ಬ್ರಿಟಿಷ್ ಕಿರೀಟವಿದ್ದರೆ ಚಿತ್ರ 1950ರ ಜನವರಿ 26ಕ್ಕಿಂತ ಹಿಂದಿನದು ಎಂದು ಬಹುಮಟ್ಟಿಗೆ ಹೇಳಬಹುದು. ಅಶೋಕನ ಸಿಂಹಗಳಿದ್ದರೆ ಅಲ್ಲಿಂದ ಈಚಿನದು.

ಕಪ್ಪು ಬಿಳುಪು ಚಿತ್ರದಲ್ಲಿ ಪಟ್ಟಿಯ ಬಣ್ಣ ಊಹಿಸುವಾಗ ಎಚ್ಚರ ಬೇಕು. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕೆಂಪು ಹೆಚ್ಚುಕಡಿಮೆ ಕಪ್ಪಾಗಿ, ನೀಲಿ ತೆಳುವಾಗಿ ಬೀಳುತ್ತಿತ್ತು. ಆದ್ದರಿಂದ ಬಣ್ಣಕ್ಕಿಂತ ಗೆರೆಗಳ ಸಂಖ್ಯೆ ಮತ್ತು ಅಗಲವನ್ನು ಹೋಲಿಸುವುದು ವಿಶ್ವಾಸಾರ್ಹ. ಈಗ ಕಂಪ್ಯೂಟರಿನಲ್ಲಿ ಬಣ್ಣ ತುಂಬಿದ ಹಳೆಯ ಚಿತ್ರಗಳು ಬಹಳ ಬರುತ್ತಿವೆ. ಅವುಗಳ ಬಣ್ಣ ಯಂತ್ರದ ಊಹೆ, ಯಾವುದಕ್ಕೂ ಸಾಕ್ಷಿಯಲ್ಲ.

ಫೋಟೋದಲ್ಲಿ ಕಂಡದ್ದನ್ನು ಕಾಗದದೊಡನೆ ತಾಳೆ ನೋಡುವುದು ಮುಂದಿನ ಹಂತ. ನಿವೃತ್ತ ಸೈನಿಕರ ಡಿಸ್ಚಾರ್ಜ್ ಪುಸ್ತಕದಲ್ಲಿ ನಂಬರು, ಪಲ್ಟನ್ನು, ಸೇರಿದ ಮತ್ತು ಬಿಟ್ಟ ದಿನಾಂಕ, ಪದಕಗಳು ಇರುತ್ತವೆ. ಪಿಂಚಣಿ ಕಾಗದ ಮನೆಯಲ್ಲಿಲ್ಲದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಪಲ್ಟನ್ನಿನ ದಾಖಲೆ ಕಚೇರಿಗೆ ಬರೆಯಬಹುದು. ಬೆಳಗಾವಿಯ ರೆಜಿಮೆಂಟಲ್ ಸೆಂಟರಿನಲ್ಲಿ ವಸ್ತುಸಂಗ್ರಹಾಲಯವಿದೆ. ಸರ್ಕಾರಿ ಸಮಾರಂಭಗಳ ಚಿತ್ರಗಳಿಗೆ ದೆಹಲಿಯ ಫೋಟೋ ಡಿವಿಷನ್, ಆಡಳಿತದ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರ, ಮಹಾಯುದ್ಧಗಳ ಚಿತ್ರಗಳಿಗೆ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ನೆರವಾಗುತ್ತವೆ. ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕದಂಥ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಅದೇ ಚಿತ್ರ ಮೊದಲು ಯಾವ ದಿನ, ಯಾವ ಅಡಿಬರಹದೊಡನೆ ಅಚ್ಚಾಯಿತು ಎಂದು ಹುಡುಕುವುದು ಬೇಸರದ ಕೆಲಸವಾದರೂ ಅದರಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ.

ಮೊಬೈಲಿಗೆ ಬಂದ ಚಿತ್ರವಾದರೆ ಗೂಗಲ್ ಲೆನ್ಸಿನಂಥ ಸಾಧನದಲ್ಲಿ ಚಿತ್ರವನ್ನೇ ಕೊಟ್ಟು ಹುಡುಕಬೇಕು. ಸಿಕ್ಕ ಪ್ರತಿಗಳಲ್ಲಿ ಅತಿ ಹಳೆಯದನ್ನೂ ಅತಿ ದೊಡ್ಡದನ್ನೂ ತೆರೆದು ನೋಡಬೇಕು. ವಾಟ್ಸ್ಆ್ಯಪಿನಲ್ಲಿ ಫೋಟೋ ದಾಟಿ ಬರುವಾಗ ತೆಗೆದ ದಿನ, ಕ್ಯಾಮೆರಾ ಮುಂತಾದ ಒಳಗಿನ ಮಾಹಿತಿ ಕಳಚಿಹೋಗುತ್ತದೆ. ಅಲ್ಲಿ ಕಾಣುವ ದಿನಾಂಕ ಚಿತ್ರ ಮೊಬೈಲಿಗೆ ಬಂದ ದಿನಾಂಕವಷ್ಟೇ.

ತಿಳಿದದ್ದನ್ನು ಬರೆದಿಡುವಾಗ ಮೂಲ ಪ್ರತಿಯ ಮೇಲೆ ಪೆನ್ನು ಓಡಿಸಬಾರದು. ಹಿಂಬದಿಯ ಅಂಚಿನಲ್ಲಿ ಮೃದು ಪೆನ್ಸಿಲಿನಿಂದ ಒಂದು ಸಂಖ್ಯೆ ಹಾಕಿ, ವಿವರವನ್ನು ಬೇರೆ ಹಾಳೆಯಲ್ಲಿ ಬರೆಯುವುದು ಸರಿ. ಹಳೆಯ ಅಡಿಬರಹ ತಪ್ಪೆಂದು ಗೊತ್ತಾದರೂ ಅದನ್ನು ಅಳಿಸದೆ ಇದ್ದಂತೆಯೇ ನಕಲು ಮಾಡಿಕೊಳ್ಳಬೇಕು. ಹೊಸ ಅಡಿಬರಹದಲ್ಲಿ ಕಣ್ಣಿಗೆ ಕಂಡದ್ದು, ದಾಖಲೆಯಿಂದ ತಿಳಿದದ್ದು, ಹಿರಿಯರು ಹೇಳಿದ್ದು ಬೇರೆಬೇರೆಯಾಗಿ ನಿಲ್ಲಬೇಕು. ಉದಾಹರಣೆಗೆ: ‘ಸಮವಸ್ತ್ರದಲ್ಲಿ ಐವರು ಸೈನಿಕರು, ಹೆಗಲ ಬಿಲ್ಲೆಯಲ್ಲಿ ಅಶೋಕ ಸಿಂಹ, ಆದ್ದರಿಂದ 1950ರ ನಂತರದ್ದು. ಎಡದಿಂದ ಎರಡನೆಯವರು ಈ ಮನೆಯವರು ಎಂದು ಮಗಳ ಹೇಳಿಕೆ. ಡಿಸ್ಚಾರ್ಜ್ ಪುಸ್ತಕದ ಪ್ರಕಾರ ಅವರ ಸೇವೆ 1958ರಿಂದ 1973. ಸ್ಥಳ ತಿಳಿದಿಲ್ಲ. ಹಿಂಬದಿಯ ಬರಹ: 1965ರ ಲಡಾಯಿ, ಬರೆದವರು ತಿಳಿದಿಲ್ಲ, ಮುಂದೆ ಪರಿಶೀಲಿಸಬೇಕು.’